ತಳ ಹಿಡಿದ ಹಾಲು

ಮೊನ್ನೆ ಬೆಳಿಗ್ಗೆ ಸೊಸೆ ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಳು. ಹಾಲು ತಳ ಹಿಡಿಯಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರೆ ನಾನೊಬ್ಬಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಸೀದ ವಾಸನೆಯನ್ನು ಎಳೆದುಕೊಳ್ಳುತ್ತಿದ್ದೆ. ಅತ್ತೆಗೆ ಅರಳುಮರಳು ಎಂದು ಅವಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ನನ್ನನ್ನು ಹುಚ್ಚಿ ಎಂದವರನ್ನು ನಾನು ಆರನೇ ವಯಸ್ಸಿನಲ್ಲೇ ಕಂಡವಳು.

ಆಗ ಮಹಾರಾಜರ ಕಾಲ. ಕೊರಟಗೆರೆ ಕಡೆಯ ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಅಪ್ಪ ಮೊದಲೇ ತೀರಿಕೊಂಡಿದ್ದ. ಒಂದು ಮುಂಗಾರಿನಲ್ಲಿ ಜಡಿಮಳೆ ಹಿಡಿದು ಮಾಳಿಗೆ ಕುಸಿಯಿತು. ಅವ್ವ ನನ್ನನ್ನು ಮೂಲೆಗೆ ತಳ್ಳಿ ಮೇಲೆ ಬಾಗಿದಳು. ಊರವರು ಮಣ್ಣು ತೆಗೆಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ನಾನು ಬದುಕಿದ್ದೆ. ಅವ್ವ...

ಅಲ್ಲಿಂದಾಚೆ ನನಗೆ ಮಾತು ನಿಂತಿತು. ಯಾವ ಸೂರಿನ ಕೆಳಗೂ ಕಾಲಿಡುತ್ತಿರಲಿಲ್ಲ. ಎತ್ತಿಕೊಂಡು ಒಳಗೆ ಹೋದವರನ್ನು ಕಚ್ಚುತ್ತಿದ್ದೆ. ತಾಯತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆದರು. ಆ ದಿನಗಳಲ್ಲೇ ದೊಡ್ಡಪ್ಪನೂ ಚಿಕ್ಕಪ್ಪನೂ ಬೇರೆಯಾದರು. ಹೊಲ, ಎತ್ತು, ಪಾತ್ರೆ ಎಲ್ಲ ಪಾಲಾದವು. ಕೊನೆಗೆ ಚಿಕ್ಕಪ್ಪ, ಅಂಗಳದಲ್ಲಿ ಕೂತಿದ್ದ ನನ್ನತ್ತ ನೋಡಿ, "ಈ ಮೂಗಿ ಯಾರ ಪಾಲಿಗೆ?" ಎಂದ. ದೊಡ್ಡಪ್ಪ ತನ್ನ ಪಾಲಿನ ಪಾತ್ರೆಗಳನ್ನು ಮತ್ತೆ ಎಣಿಸತೊಡಗಿದ. ನನಗೆ ಮಾತು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ.

ದೊಡ್ಡಪ್ಪ ನನ್ನನ್ನು ಗಾಡಿ ಕಟ್ಟಿಕೊಂಡು ಮಧುಗಿರಿಯ ಆಸ್ಪತ್ರೆಗೆ ಕರೆತಂದ. ದೀಪಾವಳಿಯವರೆಗೆ ನೋಡೋಣ, ಆಗಲೂ ಹೀಗೇ ಇದ್ದರೆ ಬೆಂಗಳೂರಿನ ಹುಚ್ಚಾಸ್ಪತ್ರೆಗೇ ಸೇರಿಸಬೇಕು ಎಂದರು ಡಾಕ್ಟರು. ನನ್ನನ್ನು ಒಪ್ಪಿಸಿಕೊಂಡವರು ಅಲ್ಲಿನ ನರ್ಸಮ್ಮ. ದಪ್ಪ ಮೈ, ದೊಡ್ಡ ದನಿ. ಪಾವಗಡದ ಆಚೆಯವರು, ಅವರ ಕನ್ನಡದ ನಡುನಡುವೆ ತೆಲುಗು ನುಸುಳುತ್ತಿತ್ತು. ಗಂಡ ಹೋದ ಮೇಲೆ ಬೆಂಗಳೂರಿನಲ್ಲಿ ಮನಸ್ಸು ಕದಡಿದವರ ಸೇವೆ ಮಾಡಿ ಬಂದವರಂತೆ.

ನಾನು ಬಾಗಿಲಲ್ಲೇ ನೆಲಕ್ಕೆ ಬಿದ್ದು ಹೊರಳಾಡಿದಾಗ ಅವರು ಎಳೆಯಲಿಲ್ಲ. "ಒಳೀಕ್ ಬರಲ್ವಾ? ಬ್ಯಾಡ ಬುಡು. ನಾನೇ ಈಚೆ ಬತ್ತೀನಿ" ಎಂದು ಚಾಪೆ ತಂದು ಆವರಣದ ಹೊಂಗೆ ಮರದಡಿ ಹಾಸಿದರು. ಮಳೆ ಹನಿದರೆ ಇಬ್ಬರಿಗೂ ಗೋಣಿಚೀಲದ ಕೊಪ್ಪೆ. ಅದೂ ತಲೆಯ ಮೇಲಿನ ಒಂದು ಸೂರೇ ಎಂದು ನನಗೆ ಹೊಳೆಯಲೇ ಇಲ್ಲ. ದಿನ ಕಳೆದಂತೆ ಚಾಪೆ ಆಸ್ಪತ್ರೆಯ ಜಗಲಿಯ ಕಡೆಗೆ ಸರಿಯುತ್ತಿತ್ತು. ನನಗೆ ತಿಳಿಯದ ಹಾಗೆ ಅವರು ಸರಿಸುತ್ತಿದ್ದರೋ, ತಿಳಿದೂ ನಾನೇ ಸುಮ್ಮನಿದ್ದೆನೋ...

ಬೆಳಿಗ್ಗೆ ಮೂರು ಕಲ್ಲಿನ ಒಲೆ ಹೂಡಿ ಮೇಕೆ ಹಾಲು ಕಾಯಿಸುತ್ತಿದ್ದರು. ಕಣ್ಣೆಲ್ಲ ನನ್ನ ಮೇಲೆ. ಹಾಲು ತಳ ಹಿಡಿಯದ ದಿನವಿಲ್ಲ. ಲೋಟ ನನ್ನ ಮುಂದಿಟ್ಟು, "ತಗೋ ಕಣಮ್ಮ, ನಿನ್ ಪಾಲು" ಎನ್ನುತ್ತಿದ್ದರು. ಮೊದಲ ದಿನ ನಾನು ಬೆಚ್ಚಿಬಿದ್ದೆ. ಯಾರ ಪಾಲಿಗೂ ಬೇಡವಾದವಳಿಗೂ ಇಲ್ಲೊಂದು ಪಾಲಿದೆಯೇ! ಆ ಸೀದ ಹಾಲನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯ ಹನಿಯವರೆಗೂ ಕುಡಿದೆ.

ಸ್ವಲ್ಪ ದಿನಕ್ಕೆ ಕಳ್ಳಂಬೆಳ್ಳದ ಕಡೆಯಿಂದ ಕುರಿ ಕಾಯುವವರ ಹುಡುಗನೊಬ್ಬ ಬಂದ. ಹುಟ್ಟಿದಾಗಿನಿಂದ ಮಾತಿಲ್ಲ, ಕೂತಲ್ಲೇ ತೂಗುತ್ತಿದ್ದ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ, ಬಿಟ್ಟರೆ ಓಡಿಬಿಡುತ್ತಿದ್ದ. ಅವನ ತಾಯಿ ಬೇರೆ ದಾರಿ ಕಾಣದೆ ಸೊಂಟಕ್ಕೆ ಹಗ್ಗ ಹಾಕಿ ಆಸ್ಪತ್ರೆಯ ಜಗಲಿಯ ಕಂಬಕ್ಕೆ ಬಿಗಿದಿದ್ದಳು. ನರ್ಸಮ್ಮ ಕಂಬದ ಕಡೆಯ ತುದಿ ಬಿಚ್ಚಿ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಅವನು ಓಡಿದತ್ತ ಆ ದಪ್ಪ ಮೈ ಹೊತ್ತುಕೊಂಡು ಇವರೂ ಓಡಬೇಕು! ಬೀದಿಯಲ್ಲಿ ನಿಂತವನೊಬ್ಬ, "ನರ್ಸಮ್ಮಂಗೂ ಹಿಡೀತು ಕಣ್ಲಾ" ಎಂದು ನಕ್ಕ.

"ಹ್ಞೂ ಕಣಪ್ಪ, ಹಿಡಿದೈತೆ. ನಿಂಗೂ ಒಂದ್ ಹಗ್ಗ ತರ್ಲಾ?" ಎಂದರು ಏದುಸಿರು ಬಿಡುತ್ತ.

ಹಗ್ಗ ಬರಬರುತ್ತ ಸಡಿಲವಾಯಿತು. ಒಂದು ದಿನ ನೋಡಿದರೆ ಅದರ ಮೇಲೆ ಆಸ್ಪತ್ರೆಯ ಬಟ್ಟೆ ಒಣಗುತ್ತಿತ್ತು, ಹುಡುಗ ನರ್ಸಮ್ಮನ ಸೆರಗಿನ ತುದಿ ಹಿಡಿದು ತೂಗುತ್ತ ಕೂತಿದ್ದ.

ಅದೇ ಹುಡುಗ ಒಂದು ಬೆಳಿಗ್ಗೆ ಎದ್ದು ಬಂದು ನನ್ನ ಮುಂದಿದ್ದ ಲೋಟವನ್ನು ಎತ್ತಿ ಗಟಗಟನೆ ಕುಡಿದುಬಿಟ್ಟ. ನನ್ನ ಎದೆಯಲ್ಲಿ ಏನೋ ಕಿತ್ತುಕೊಂಡು ಬಂತು.

"ಅದು ನನ್ ಪಾಲು!"

ನರ್ಸಮ್ಮ ಕೂಗಲಿಲ್ಲ, ಡಾಕ್ಟರನ್ನು ಕರೆಯಲಿಲ್ಲ. ದಿನವೂ ಮಾತಾಡುವ ಹುಡುಗಿಗೆ ಹೇಳುವಂತೆ, "ಹೌದಲ್ವಾ, ತಡಿ" ಎಂದು ತಮ್ಮ ಲೋಟದ ಹಾಲನ್ನು ನನ್ನದಕ್ಕೆ ಬಗ್ಗಿಸಿದರು. ಕಣ್ಣು ನನ್ನ ಮುಖದ ಮೇಲೇ ನೆಟ್ಟಿತ್ತು, ಅರ್ಧ ಹಾಲು ಚಾಪೆಯ ಮೇಲೆ ಚೆಲ್ಲಿತು.

ದೀಪಾವಳಿಗೆ ಮುಂಚೆ ದೊಡ್ಡಪ್ಪ ಬಂದಾಗ ನಾನು ಜಗಲಿಯ ಮೇಲೆ, ಹೆಂಚಿನ ಕೆಳಗೆ ಕೂತಿದ್ದೆ. "ನಡಿ ಮಗ, ಮನೀಗೋಗಾನ" ಎಂದ.

"ಯಾರ ಪಾಲಿಗೆ?" ಎಂದು ಕೇಳಿದೆ.

ದೊಡ್ಡಪ್ಪನ ಮುಖ ಇಳಿದುಹೋಯಿತು. ಪಕ್ಕದಲ್ಲಿ ಕುಕ್ಕರಿಸಿ, ನನ್ನ ಪಾದ ಹಿಡಿದುಕೊಂಡು, "ನನ್ ಪಾಲಿಗೆ ಕಣವ್ವ" ಎಂದ. ನರ್ಸಮ್ಮ ಆ ಮಾತು ಕೇಳಿದ ಮೇಲೆಯೇ ನನ್ನ ಬಟ್ಟೆಯ ಗಂಟು ತಂದುಕೊಟ್ಟದ್ದು.

ಗಾಡಿಯಲ್ಲಿ ಅಳುತ್ತಿದ್ದ ನನ್ನನ್ನು ದೊಡ್ಡಪ್ಪ ಯಾಕೆಂದು ಕೇಳಿದ. ನರ್ಸಮ್ಮ ದಿನಾ ಲೋಟದಲ್ಲಿ ಕೊಡುತ್ತಿದ್ದ ನನ್ನ ಪಾಲು ಅಲ್ಲೇ ಉಳಿಯಿತು ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಮಂಕೇ! ತೆಲುಗ್ನಾಗೆ ಹಾಲಿಗೇ ಪಾಲು ಅಂತಾರೆ ಕಣಮ್ಮ!" ನನಗೆ ಎಷ್ಟು ಸಿಟ್ಟು ಬಂತೆಂದರೆ ಊರು ಸೇರುವವರೆಗೆ ಬಾಯಿ ಬಿಡಲಿಲ್ಲ. ಮತ್ತೆ ಮಾತು ಹೋಯಿತೇನೋ ಎಂದು ಪಾಪ, ದೊಡ್ಡಪ್ಪ ಹೆದರಿಬಿಟ್ಟ.

ಮದುವೆಯಾದ ಮೇಲೆ ಒಮ್ಮೆ ಮಧುಗಿರಿಗೆ ಹೋಗಿ ವಿಚಾರಿಸಿದೆ. ವರ್ಗವಾಗಿ ಹೋದರು ಎಂದರು ಒಬ್ಬರು. ತೀರಿಕೊಂಡು ಬಹಳ ದಿನವಾಯಿತು ಎಂದರು ಇನ್ನೊಬ್ಬರು. ಎಲ್ಲಿ, ಯಾವಾಗ, ಹತ್ತಿರ ಯಾರಾದರೂ ಇದ್ದರೇ... ಹೇಳುವವರಿರಲಿಲ್ಲ. ಸತ್ತರೆಂದು ಪೂರ್ತಿ ನಂಬಲಾಗದೆ ಅಳುವುದೂ ಆಗಲಿಲ್ಲ.

ಮೊನ್ನೆ ಸೊಸೆ ಆ ಹಾಲನ್ನು ಬಚ್ಚಲಿಗೆ ಸುರಿಯಲು ಹೊರಟಿದ್ದಳು. "ಚೆಲ್ಲಬೇಡ ಕಣಮ್ಮ, ಅದು ನನ್ನ ಪಾಲು" ಎಂದು ಲೋಟ ಚಾಚಿದೆ. ಹಿತ್ತಲ ಕಲ್ಲಿನ ಮೇಲೆ ಕೂತು ಒಂದು ಗುಟುಕು ಕುಡಿದೆ. ನರ್ಸಮ್ಮನಿಗಾಗಿ ಇಷ್ಟು ವರ್ಷ ಬಾರದ ಅಳು ಆಗ ಬಂತು. ಕಣ್ಣೊರೆಸಿಕೊಳ್ಳಲು ಹೋಗಿ ಅರ್ಧ ಹಾಲು ಸೀರೆಯ ಮೇಲೆ ಚೆಲ್ಲಿಕೊಂಡೆ.