ಡಬ್ಬಿಯೊಳಗಿನ ವಿಭೂತಿ

ನನಗೆ ದೊಡ್ಡವುಗಳ ಹೆದರಿಕೆ ಕಡಿಮೆ. ಲಾರಿ ಬಂದರೆ ಪಕ್ಕಕ್ಕೆ ಸರಿಯುತ್ತೇನೆ, ಗೂಳಿ ಬಂದರೆ ಯಾರದಾದರೂ ಕಟ್ಟೆ ಹತ್ತುತ್ತೇನೆ. ಎದೆ ಡವಡವ ಅನ್ನುವುದು ಸಣ್ಣವುಗಳಿಗೆ: ಚೇಳು, ಮೂಗುತಿಯ ತಿರುಪು, ಹಸುಗೂಸಿನ ನೆತ್ತಿ. ಈಗ ಒಂದು ವರ್ಷದಿಂದ ನಮ್ಮ ಮನೆಯ ಕಂಪ್ಯೂಟರೂ ಆ ಸಾಲಿಗೆ ಸೇರಿದೆ.

ಕಂಪ್ಯೂಟರೆಂದರೆ ಮೇಜಿನ ಕೆಳಗೆ ಟ್ರಂಕಿನ ಹಾಗೆ ಕೂತಿರುತ್ತದೆ ಎಂದು ತಿಳಿದಿದ್ದವಳು ನಾನು. ಸೊಸೆ ಸುನಂದಾ ದಾವಣಗೆರೆಯಿಂದ ತಂದದ್ದು ನೋಡಿದರೆ ಗೇಣುದ್ದ, ಗೇಣಗಲ. ದಪ್ಪ ಎರಡು ಪಂಚಾಂಗದಷ್ಟು. ಯಾವುದೋ ಆಫೀಸಿನಲ್ಲಿ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಮಾಲು. ಸುನಂದಾ ಸಿವಿಲ್ ಡಿಪ್ಲೊಮಾ ಓದಿದವಳು. ಕೊಟ್ಟೂರಿನ ನಮ್ಮ ಮನೆಯಲ್ಲೇ ಕೂತು ಜನರಿಗೆ ಮನೆ ನಕ್ಷೆ ಬರೆದುಕೊಡುತ್ತಾಳೆ. ಇಟ್ಟಿಗಿ ಊರಿನ ಯಾರದೋ ಅಡುಗೆಮನೆ, ಕೋಗಳಿಯ ಯಾರದೋ ಮೆಟ್ಟಿಲು, ಎಲ್ಲವೂ ಮೊದಲು ಆ ಡಬ್ಬಿಯೊಳಗೇ ಎದ್ದು ನಿಂತವು. ಅಷ್ಟು ಮಂದಿಯ ಸೂರು ಇಷ್ಟು ಸಣ್ಣದರಲ್ಲಿ! ಬೆಕ್ಕು ಬೀಳಿಸಿದರೆ? ಯಾರಾದರೂ ಕೈಚೀಲಕ್ಕೆ ಹಾಕಿಕೊಂಡು ಹೋದರೆ?

ಕರೆಂಟು ಹೋದರೂ ನಡೆಯುವ ಪ್ಲಗ್ಗು ಮನೆಯಲ್ಲಿ ಒಂದೇ, ಅದೂ ದೇವರ ಜಗಲಿಯ ಪಕ್ಕ. ಹಾಗಾಗಿ ಡಬ್ಬಿ ಅಲ್ಲೇ ಕೂತಿತು. ಶರಣರು ದೇವರನ್ನು ಅಂಗೈಗೆ ಹಿಡಿಸುವಷ್ಟು ಸಣ್ಣದು ಮಾಡಿಕೊಟ್ಟರು, ಅವರ ಪುಣ್ಯ. ಆದರೆ ಅಂಗೈಯಲ್ಲಿದ್ದದ್ದು ಜಾರಬಹುದಲ್ಲ ಎಂಬ ಚಿಂತೆಯೂ ಅದರ ಬೆನ್ನಿಗೇ ಬಂತು. ಗುಡಿಯ ದೇವರು ತನ್ನನ್ನು ತಾನು ನೋಡಿಕೊಳ್ಳುತ್ತಾನೆ. ಅಂಗೈಯ ದೇವರನ್ನು ನಾವೇ ನೋಡಿಕೊಳ್ಳಬೇಕು. ಸಣ್ಣದನ್ನು ಕಾಯಲು ನನಗೆ ಗೊತ್ತಿದ್ದ ದಾರಿಯೂ ಒಂದೇ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕೈಯಲ್ಲಿ ಉಳಿದ ವಿಭೂತಿಯನ್ನು ಡಬ್ಬಿಯ ಮುಖಕ್ಕೆ ಮೂರು ಬೆರಳಲ್ಲಿ ಎಳೆಯುತ್ತಿದ್ದೆ. ಸುನಂದಾ ನೋಡಿದರೆ ನಕ್ಕಾಳೆಂದು ಸೆರಗಿನಲ್ಲಿ ಒರೆಸಿಯೂ ಬಿಡುತ್ತಿದ್ದೆ. ಅದರ ಮುಖದ ತುಂಬ ತೂತು. ಅರ್ಧ ಪುಡಿ ಒಳಗೇ ಹೋಗುತ್ತಿತ್ತು. ಹೋಗಲಿ, ಒಳಗಿನ ಮನೆಗಳಿಗೂ ರಕ್ಷೆ ಬೇಡವೇ ಅಂದುಕೊಂಡೆ.

ಬರಬರುತ್ತಾ ಡಬ್ಬಿ ಜ್ವರ ಬಂದವರಂತೆ ಕಾಯ್ದು ಬುಸುಗುಡತೊಡಗಿತು. ಒಂದು ಭಾನುವಾರ ಊಟಕ್ಕೆ ಕೂತಾಗ ಸುನಂದಾ ಅಂದಳು: “ಅತ್ತೀ, ಇದಕ್ಕ ದೊಡ್ಡ ರ್ಯಾಮ್ ಹಾಕಬೇಕ್ರಿ, ಇನ್ನೊಂದು ಡಿಸ್ಕೂ ಸೇರಸ್ಬೇಕು. ಎಲ್ಲಾ ತರಿಸೀನಿ. ನಾಳಿ ಬಿಚ್ತೀನಿ.”

ಬಿಚ್ಚುತ್ತಾಳೆ! ಒಳಗೆ ಹೋದ ವಿಭೂತಿಯೆಲ್ಲ ಕಂಡುಬಿಡುತ್ತದೆ.

“ನಾಳಿ ಅಮಾಸಿ ಐತವ್ವ.”

“ಹಂಗಾರ ನಾಡಿದ್ದು?”

“ಮಂಗಳವಾರ. ಕಬ್ಬಿಣ ಮುಟ್ಟಬಾರದು.”

“ಹೋದ ಮಂಗಳವಾರ ಈಳಿಗಿ ಸಾಣಿ ಹಿಡಿಸಿದ್ರೆಲ್ರಿ ಅತ್ತಿ!”

ನಾನು ನೀರು ಕುಡಿಯುವ ನೆಪ ಮಾಡಿ ಎದ್ದೆ. ಹಿರಿಯರ ಮಾತೆಂದು ಅವಳು ಬುಧವಾರಕ್ಕೆ ಮುಂದೂಡಿದಳು. ಸೊಸೆಗೆ ಅತ್ತೆ ಹೆದರುವ ಕಾಲ ಬಂತಲ್ಲ ಎಂದು ಒಲೆಯ ಮುಂದೆ ನಿಂತು ನನ್ನಷ್ಟಕ್ಕೆ ನಾನೇ ನಕ್ಕೆ. ನಗು ಬಾಯಿಂದ ಹೊಟ್ಟೆಗೆ ಇಳಿಯಲಿಲ್ಲ.

ಮಂಗಳವಾರ ಮಧ್ಯಾಹ್ನ ಡಬ್ಬಿ ಒಮ್ಮೆ ಕೂಗಿ ಆರಿಹೋಯಿತು. ಪರದೆ ಕಪ್ಪು. ಚಿಗಟೇರಿ ಊರಿನವರೊಬ್ಬರ ಮನೆಯ ನಕ್ಷೆ ಅದರೊಳಗಿತ್ತು. ಹತ್ತು ದಿನದ ಕೆಲಸ, ಶುಕ್ರವಾರ ಪಾಯದ ಪೂಜೆ. ಉಳಿದ ನಕ್ಷೆಗಳಿಗೆ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇತ್ತು, ಇದಕ್ಕೆ ಇರಲಿಲ್ಲ. ಸುನಂದಾ ವಾರ ಕೇಳದೆ ಸ್ಕ್ರೂ ಡ್ರೈವರ್ ಹಿಡಿದಳು. ತಪ್ಪೊಂದು ಮಾಡಿದ್ದೆ, ಅದನ್ನು ಮುಚ್ಚಲು ಎರಡು ದಿನ ತಡೆದು ಎರಡನೆಯದೂ ಮಾಡಿದ್ದೆ.

ಮುಚ್ಚಳ ಬಂತು. ಒಳಗಿನ ಫ್ಯಾನು ಬೂದಿಯಲ್ಲಿ ಹೂತಿತ್ತು.

“ಅಯ್ಯ ಶಿವನ! ಗ್ವಾಡಿ ಸುಣ್ಣೆಲ್ಲಾ ಇದರಾಗ ಐತಿ ನೋಡ್ರಿ. ನಂದಾ ತಪ್ಪು, ಇಲ್ಲಿ ಇಡಬಾರದಿತ್ತು.”

ಹಬ್ಬಕ್ಕೆಂದು ಬಳಿದ ಸುಣ್ಣ ಉದುರುತ್ತಿದ್ದದ್ದು ನಿಜ. ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಪಾಪ ಗೋಡೆಗೆ ಹೋಗುತ್ತಿತ್ತು. ಆದರೆ ಅವಳು ಅದನ್ನು ಗೋಡೆಗೆ ಬಿಡದೆ ತನ್ನ ತಲೆಗೆ ಕಟ್ಟಿಕೊಂಡಿದ್ದಳು, ನಾನೋ ದೇವರ ಜಗಲಿಯ ಮುಂದೆಯೇ ನಿಂತಿದ್ದೆ.

“ಸುಣ್ಣ ಅಲ್ಲವ್ವಾ, ವಿಭೂತಿ. ನಾನಾ ದಿನಾ ಹಚ್ಚೀನಿ.”

ಅವಳು ನನ್ನನ್ನೇ ನೋಡಿದಳು. “ಯಾಕ್ರಿ?”

“ಹೆದರಿಕಿ ಆಗಿ.”

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಎದ್ದುಹೋಗಿ ಬಣ್ಣದ ಬ್ರಷ್ಷು ತಂದು ನನ್ನ ಕೈಗಿಟ್ಟಳು. “ನೀವು ಹಚ್ಚಿದ್ದು ನೀವಾ ತಗೀರಿ. ಫ್ಯಾನ್ ನಾ ಹಿಡಕಂತೀನಿ.”

ಸಂಜೆಯವರೆಗೆ ಇಬ್ಬರೂ ಬೂದಿ ಗುಡಿಸಿದೆವು. ಬಾಚಣಿಗೆಯಂಥ ರ್ಯಾಮ್ ಟಕ್ಕನೆ ಕೂತಿತು. ಹಳೆಯ ಡಿಸ್ಕನ್ನು ಮುಟ್ಟದೆ ಹೊಸದನ್ನು ಪಕ್ಕಕ್ಕೆ ಸೇರಿಸಿದಳು. ಆಮೇಲೆ ಒಂದು ಸಣ್ಣ ಟ್ಯೂಬು ಕೊಟ್ಟಳು. ಒತ್ತಿದರೆ ಒದ್ದೆ ವಿಭೂತಿಯಂಥದೇ ಬೂದು ಮುಲಾಮು.

“ಇದಕ್ಕೂ ಹಚ್ಚೋದು ಐತ್ರಿ ಅತ್ತಿ, ಕಾವು ಇಳೀಲಿ ಅಂತ. ಒಳಗ, ಈ ಚಿಪ್ ಮ್ಯಾಲ ಒಂದಾ ಕಡಿ, ಕಡ್ಲಿ ಕಾಳಷ್ಟು. ಹಚ್ರಿ.”

ಹಚ್ಚಿದೆ. ಕಡಲೆ ಕಾಳಿಗಿಂತ ಒಂದು ಸಾಸಿವೆಯಷ್ಟೂ ಹೆಚ್ಚಿಲ್ಲ. ಹಿಟ್ಟಿನ ಹರಿದ ಜರಡಿಯ ಬಲೆ ಕತ್ತರಿಸಿ, ಪುಡಿ ಒಳಗೆ ಹೋಗದಂತೆ ಡಬ್ಬಿಯ ಮುಖಕ್ಕೆ ಅಂಟಿಸಿದ್ದು ಮಾತ್ರ ನನ್ನ ಸ್ವಂತ ಬುದ್ಧಿ.

ಗುಂಡಿ ಒತ್ತಿ ಕಾಯ್ದ ಆ ಗಳಿಗೆ ನನ್ನ ವೈರಿಗೂ ಬೇಡ. ದೀಪ ಹೊತ್ತಿದ್ದು ಒಂದು ಕರುಣೆ. ಚಿಗಟೇರಿಯ ಮನೆ ಬಾಗಿಲು ಕಿಟಕಿಗಳ ಸಮೇತ ಎದ್ದು ಬಂದದ್ದು ಎರಡು. ಮೂರನೆಯದು, ಬೈಯದೆ ಬ್ರಷ್ಷು ಕೊಟ್ಟದ್ದು, ಪಕ್ಕದಲ್ಲೇ ಕೂತು ಬೆವರು ಒರೆಸಿಕೊಳ್ಳುತ್ತಿತ್ತು. ಭಕ್ತಿಗೂ ಹೆದರಿಕೆಗೂ ಹೊರಗಿನ ಬಣ್ಣ ಒಂದೇ, ಬಿಚ್ಚಿ ನೋಡುವವರೆಗೆ ಯಾವುದು ಎಷ್ಟಿದೆ ಎಂದು ತಿಳಿಯುವುದಿಲ್ಲ. ಕಾಯುತ್ತಿದ್ದೇನೆ ಅಂದುಕೊಂಡವಳು ನಾನು ಡಬ್ಬಿಯ ಉಸಿರು ಕಟ್ಟಿಸುತ್ತಿದ್ದೆ.

ಸುನಂದಾ ಆಗಲೇ ನಕ್ಷೆಗೆ ಕೂತಿದ್ದಳು. ಚಿಗಟೇರಿಯವರ ದೇವರ ಜಗಲಿಗೂ ಕಂಪ್ಯೂಟರ್ ಇಡುವ ಮೇಜಿಗೂ ನಡುವೆ ಹೊಸದಾಗಿ ಒಂದು ಗೋಡೆ ಎಳೆದಳು.

“ಇದ್ಯಾಕವ್ವ? ಅವರು ಕೇಳಿರ್ಲಿಲ್ಲಲ್ಲ?”

“ಆ ಮನ್ಯಾಗೂ ಅತ್ತಿ ಅದಾರಂತ್ರಿ.”