ಮೊದಲು ಅಂಚು ನೋಡ್ರಿ

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಡಂ, ಯಾವ ಜೀವಿಯನ್ನು ಎದುರಿಗಿಟ್ಟರೂ ಕನ್ನಡಕ ಹಣೆಗೇರಿಸಿ, “ಮೊದಲು ಅಂಚು ನೋಡ್ರಿ” ಎನ್ನುತ್ತಿದ್ದರು.

ಒಮ್ಮೆ ಮೇಡಂ ಜೊತೆ ಪ್ರವಾಸ ಹೋದಾಗ ಕಾರವಾರದ ಕಡಲ ಬಂಡೆಗಳ ನಡುವೆ ಚಿಪ್ಪಿಲ್ಲದ ಕಡಲ ಬಸವನಹುಳು ಸಿಕ್ಕಿತು. ಒಡಲು ಕಡುನೀಲಿ, ಸುತ್ತಲೂ ಸೀರೆಗಿದ್ದಂತೆ ಬಣ್ಣದ ಅಂಚು. ಕೆಡದಂತೆ ಫಾರ್ಮಲಿನ್ ದ್ರಾವಣದ ಬಾಟಲಿಯಲ್ಲಿ ಊರಿಗೆ ತರುವಷ್ಟರಲ್ಲಿ ಅದು ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಾಗಿತ್ತು. ಪುಸ್ತಕದ ಪ್ರಕಾರ ಅಂಚು ಹಳದಿಯಾದರೆ ಒಂದು ಜಾತಿ, ಕೇಸರಿಯಾದರೆ ಇನ್ನೊಂದು. ನಾವು ಜಗಳಕ್ಕೆ ಬಿದ್ದೆವು. ಮೇಡಂ ನಮ್ಮನ್ನು ನೇರ ಸೀರೆ ಅಂಗಡಿಗೆ ಕರೆದುಕೊಂಡು ಹೋದರು.

“ಯಾರ ಮದುವೆರೀ ಮೇಡಂ?” ಎನ್ನುತ್ತಾ ಅಂಗಡಿಯವರು ಸೀರೆ ಹರವಿದರು.

“ಮದುವೆ ಅಲ್ರಿ, ಒಂದು ಹುಳದ ಬಣ್ಣ ಹುಡುಕ್ತಿದೀವಿ.”

ಕಡಲಲ್ಲಿ ಕಂಡ ಬಣ್ಣ ನೆನೆದು ನಾವು ಒಬ್ಬೊಬ್ಬರು ಒಂದೊಂದು ಅಂಚಿನ ಮೇಲೆ ಬೆರಳಿಟ್ಟೆವು. ಮೇಡಂ ಬೆರಳು ಅರಿಶಿನಕ್ಕೂ ಕನಕಾಂಬರಕ್ಕೂ ನಡುವೆ ಓಡಾಡಿ, ಎಲ್ಲೂ ನಿಲ್ಲದೆ ಹಿಂದೆ ಬಂತು. ಪ್ರಿನ್ಸಿಪಾಲರು ಎಷ್ಟು ಒತ್ತಾಯಿಸಿದರೂ ಬಾಟಲಿಯ ಚೀಟಿಯಲ್ಲಿ ಮೇಡಂ ಜಾತಿಯ ಹೆಸರು ಬರೆಯಲಿಲ್ಲ.

ಮರುವರ್ಷ ಕಡಲಿಗೆ ಹೊರಡುವ ಮುನ್ನ, ಜೀವಂತ ಹುಳದ ಪಕ್ಕ ಹಿಡಿದು ನೋಡಲೆಂದು ಅದೇ ಅಂಗಡಿಯಲ್ಲಿ ಬಗೆಬಗೆ ಬಣ್ಣದ ಬಟ್ಟೆಚೂರು ಕೇಳಿದರು.

“ಹುಳಕ್ಕೆ ಸೀರೆ ಉಡಿಸ್ತೀರೇನ್ರಿ?” ಅಂಗಡಿಯವರು ನಕ್ಕರು.

ಮೇಡಂ ನಗಲಿಲ್ಲ. “ಅದು ಉಟ್ಕಂಡೇ ಐತ್ರಿ. ನಾನೇ ಸರಿಯಾಗಿ ನೋಡ್ಲಿಲ್ಲ.”