ಮೇಷ್ಟ್ರು ಉಳಿಸಿಹೋದ ಉಗಿಯಂತ್ರದ ಪಾಠ

2023ರಲ್ಲಿ ನಾನು ನೈರೋಬಿಯ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಬೇಕಾದವರ ದನಿಯನ್ನು ಮೊದಲೇ ರೆಕಾರ್ಡ್ ಮಾಡಿಡುವುದು ನನ್ನ ಕೆಲಸಗಳಲ್ಲೊಂದು. ಇದಕ್ಕೆ ಮೆಸೇಜ್ ಬ್ಯಾಂಕಿಂಗ್ ಎನ್ನುತ್ತಾರೆ. ‘ನೀರು ಬೇಕು’, ‘ನೋವಾಗ್ತಿದೆ’, ಮನೆಯವರ ಹೆಸರುಗಳು, ಹೀಗೆ. ಆಪರೇಷನ್ ಆದ ಮೇಲೆ ಫೋನಿನಲ್ಲಿ ಬೆರಳಿಟ್ಟರೆ ಅವರದೇ ದನಿ ಕೇಳುತ್ತದೆ.

ಆ ಜುಲೈನ ಚಳಿಯಲ್ಲಿ ನಗರದ ನ್ಗಾರಾ ಬಡಾವಣೆಯಿಂದ ರಘುರಾಮ್ ಮೇಷ್ಟ್ರು ಬಂದರು, ಜೊತೆಗೆ ಹೆಂಡತಿ ಸರೋಜಮ್ಮ. ಮೈಸೂರಿನವರು, ಇಲ್ಲಿನ ಶಾಲೆಗಳಲ್ಲಿ ಬದುಕಿಡೀ ಇಂಗ್ಲಿಷಿನಲ್ಲಿ ಫಿಸಿಕ್ಸ್ ಕಲಿಸಿದವರು. ದನಿ ಆಗಲೇ ಒಡೆದಿತ್ತು. ಸ್ವಲ್ಪ ಮಾತಾಡಿದರೂ ಗಂಟಲು ಕಟ್ಟುತ್ತಿತ್ತು. ಆಪರೇಷನ್‌ಗೆ ಒಂದು ವಾರವಷ್ಟೇ ಇತ್ತು. ನಾನು ಕೊಟ್ಟ ವಾಕ್ಯಗಳ ಹಾಳೆಯನ್ನು ನೋಡಿ ಪಕ್ಕಕ್ಕಿಟ್ಟರು.

“ನೀರು ಬೇಕು ಅಂತ ಕೈಸನ್ನೇಲೂ ಹೇಳ್ಬಹುದಮ್ಮ. ಸ್ಟೀಮ್ ಎಂಜಿನ್ ಹೇಗೆ ಹುಟ್ತು ಅಂತ ಸನ್ನೇಲಿ ಹೇಳಕ್ಕಾಗತ್ತಾ?”

ಅವರ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೆಟಲ್‌ನ ಮುಚ್ಚಳ ಕುಣಿಯುವುದನ್ನು ನೋಡಿ ಯಾರೋ ಎಂಜಿನ್ ಕಂಡುಹಿಡಿದರು ಎಂದು ಅವಳು ನಂಬಿದ್ದಳಂತೆ. ಅದನ್ನು ತಿದ್ದಬೇಕು, ಒಂದು ಸಲವಾದರೂ ಕನ್ನಡದಲ್ಲಿ ಪಾಠ ಮಾಡಬೇಕು ಎಂಬುದು ಮೇಷ್ಟ್ರ ಆಸೆ. ಸರೋಜಮ್ಮ ನಕ್ಕು, “ಮದುವೆ ಆದಾಗಿಂದ ನಂಗೂ ಇದೇ ಪಾಠ. ಇನ್ನೂ ಪಾಸ್ ಆಗಿಲ್ಲ,” ಅಂದರು.

ದಿನವೂ ಸ್ವಲ್ಪ ಸ್ವಲ್ಪ ರೆಕಾರ್ಡ್ ಮಾಡಿದೆವು. ಮೇಷ್ಟ್ರ ಪಾಠ ಹೀಗಿತ್ತು: ಮೊದಲ ಎಂಜಿನ್‌ಗಳು ರೈಲು ಎಳೆದವಲ್ಲ, ನೀರು ತುಂಬಿದ ಗಣಿಗಳನ್ನು ಬತ್ತಿಸಲು ಹುಟ್ಟಿದವು. ಅವುಗಳಲ್ಲಿ ದುಡಿದದ್ದು ಉಗಿಯ ಒತ್ತಡಕ್ಕಿಂತ ಹೆಚ್ಚಾಗಿ ಹೊರಗಿನ ಗಾಳಿಯ ಭಾರ. ಸಿಲಿಂಡರ್ ತುಂಬಿದ ಉಗಿಗೆ ತಣ್ಣೀರು ಚಿಮುಕಿಸಿದರೆ ಅದು ನೀರಾಗಿ ಕುಗ್ಗುತ್ತದೆ, ಒಳಗೆ ಬರಿದಾಗುತ್ತದೆ. ಆಗ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ, ಪಿಸ್ಟನ್ನಿಗೆ ಕಟ್ಟಿದ ತೊಲೆಯ ಆಚೆ ತುದಿ ಪಂಪನ್ನು ಮೇಲಕ್ಕೆತ್ತುತ್ತದೆ. ಪ್ರತಿ ಸಲವೂ ಕಾದ ಸಿಲಿಂಡರನ್ನೇ ತಣಿಸುವುದರಿಂದ ಕಲ್ಲಿದ್ದಲು ವಿಪರೀತ ಖರ್ಚಾಗುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬಹುದೆಂದು ಹೊಳೆಯಲು ದಶಕಗಳೇ ಹಿಡಿದವು.

ನಡುನಡುವೆ ಗಂಟಲು ಕಟ್ಟಿದಾಗ, “ಸರೂ, ಬಿಸಿನೀರು ಕೊಡೇ,” “ಸರೂ, ಆ ಕಿಟಕಿ ಮುಚ್ಚು,” ಎನ್ನುತ್ತಿದ್ದರು. ಕಡೆಯ ದಿನ ಅವನ್ನೆಲ್ಲ ಕತ್ತರಿಸಿಬಿಡಿ ಎಂದರು. ಇರಲಿ ಬಿಡಿ ಸರ್ ಎಂದು ನಾನು ಎರಡು ಸಲ ಹೇಳಿ ನೋಡಿದೆ.

“ಪಾಠದ ಮಧ್ಯೆ ಮನೆ ಮಾತು ಬರಬಾರದಮ್ಮ.”

ಸರೋಜಮ್ಮನೂ, “ತೆಗೀರಿ ತೆಗೀರಿ. ಮೂರು ಹೊತ್ತೂ ಕೇಳಿಸ್ಕೊಂಡಿದ್ದು ಸಾಕು,” ಅಂದರು. ಪೇಷಂಟ್ ಬೇಡವೆಂದದ್ದನ್ನು ನಾವು ಇಟ್ಟುಕೊಳ್ಳುವಂತಿಲ್ಲ. ಅವರಿಬ್ಬರ ಎದುರೇ ಅಳಿಸಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಮೇಷ್ಟ್ರು ಹೆಂಡತಿಯನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಮೊಮ್ಮಗಳು ಪಾಠವನ್ನು ಪೂರ್ತಿ ಕೇಳಿ ಎಂಜಿನ್ನಿನ ಚಿತ್ರ ಬರೆದು ತಂದಾಗ, ಅದರಲ್ಲಿ ಅವಳು ಬಿಟ್ಟಿದ್ದ ವಾಲ್ವ್ ಒಂದನ್ನು ಪೆನ್ಸಿಲಿನಲ್ಲಿ ಸೇರಿಸಿ ಬೆನ್ನು ತಟ್ಟಿದರು. ಮುಂದಿನ ವರ್ಷ ರೋಗ ಮರುಕಳಿಸಿ ತೀರಿಕೊಂಡರು.

ಅದಾದ ಕೆಲವು ವಾರಗಳಿಗೆ ಸರೋಜಮ್ಮ ಒಬ್ಬರೇ ನನ್ನ ಕೋಣೆಗೆ ಬಂದರು. ಕುಳಿತು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು:

“ಅದ್ರಲ್ಲಿ ಎಲ್ಲಾದ್ರೂ ಒಂದ್ಕಡೆ ನನ್ನ ಕರೆದಿರೋದು ಉಳ್ಕೊಂಡಿದೆಯಾ, ನೋಡ್ತೀಯಾಮ್ಮ?”

ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಇಬ್ಬರೂ ಕೂತು ಮೊದಲಿನಿಂದ ಕೇಳಿದೆವು. ಗಣಿ, ತಣ್ಣೀರು, ಪಿಸ್ಟನ್, ತೊಲೆ. ಒಂದು ಕೆಮ್ಮೂ ಇಲ್ಲದ ಶುದ್ಧವಾದ ಪಾಠ. ಮುಗಿದ ಮೇಲೂ ಅವರು ಫೋನಿನತ್ತಲೇ ಕಿವಿಗೊಟ್ಟಿದ್ದರು.

ಯಾವ ಮಾತು ಉಳಿಯಬೇಕೆಂದು ಪೇಷಂಟ್ ಒಬ್ಬರನ್ನೇ ಕೇಳಿದರೆ ಸಾಲದು, ಕೇಳಿಸಿಕೊಳ್ಳಲು ಉಳಿಯುವವರನ್ನೂ ಬೇರೆಯಾಗಿ ಕೂರಿಸಿ ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಈಗ ಯಾರೇ ಬರಲಿ, ಹಾಳೆ ಕೊಡುವ ಮೊದಲು ಜೊತೆಗೆ ಬಂದವರನ್ನು ಬೇರೆಯಾಗಿ ಕೇಳುತ್ತೇನೆ. ಆಮೇಲೆ ಅವರನ್ನು ಪೇಷಂಟ್ ಎದುರಿಗೆ ಕೂರಿಸಿ, ಪೇಷಂಟ್‌ಗೆ, “ಮನೇಲಿ ಇವರನ್ನ ಹೇಗೆ ಕರೀತೀರೋ ಹಾಗೇ ಒಂದ್ಸಲ ಕರೀರಿ,” ಎನ್ನುತ್ತೇನೆ.